ಕೈಗವಸಿನಿಂದ ಕಂಪ್ಯೂಟರ್ ನಡೆಸುವುದು: ನಾಲ್ಕು ಸ್ಪರ್ಶಗಳಿಂದ ಆರಂಭಿಸಿ

ಜಪದ ಎಣಿಕೆ ಹಿಡಿಯುವ ಹಿರಿಯರ ಕೈಯನ್ನು ಗಮನಿಸಿದವರಿಗೆ ಗೊತ್ತಿರುತ್ತದೆ: ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣಿನಿಂದ ಗೆಣ್ಣಿಗೆ ಸರಿಯುತ್ತ ಹೋಗುತ್ತದೆ. ನಾಲ್ಕು ಬೆರಳು, ಬೆರಳಿಗೆ ಮೂರು ಭಾಗ, ಒಟ್ಟು ಹನ್ನೆರಡು ತಾಣ. ಕಣ್ಣು ಮುಚ್ಚಿದ್ದರೂ ಬಾಯಿ ಬೇರೆ ಮಾತಿನಲ್ಲಿ ತೊಡಗಿದ್ದರೂ ಹೆಬ್ಬೆರಳು ತಾಣ ತಪ್ಪುವುದಿಲ್ಲ, ಏಕೆಂದರೆ ಮುಟ್ಟುವ ಬೆರಳಿಗೂ ಮುಟ್ಟಿಸಿಕೊಳ್ಳುವ ಬೆರಳಿಗೂ ಸ್ಪರ್ಶದ ಅರಿವು ಏಕಕಾಲಕ್ಕೆ ಆಗುತ್ತದೆ. ಬೆರಳ ಸನ್ನೆಗಳಿಂದ ಕಂಪ್ಯೂಟರನ್ನು ನಿಯಂತ್ರಿಸುವ ಕೈಗವಸನ್ನು ಮನೆಯಲ್ಲೇ ತಯಾರಿಸಲು ಬಯಸುವವರು ಈ ಎಣಿಕೆಯ ಕೈಯನ್ನೇ ಮಾದರಿಯಾಗಿ ಇಟ್ಟುಕೊಳ್ಳಬೇಕೆಂಬುದು ನನ್ನ ಸಲಹೆ. ಬೆರಳು ಎಷ್ಟು ಬಾಗಿದೆಯೆಂದು ಅಳೆಯುವುದು ಆಮೇಲಿನ ಕೆಲಸ. ಬೆರಳು ಬೆರಳನ್ನು ಮುಟ್ಟಿತೇ ಇಲ್ಲವೇ ಎಂಬುದನ್ನು ತಪ್ಪಿಲ್ಲದೆ ತಿಳಿಯುವುದು ಮೊದಲ ಕೆಲಸ.

ಈ ಸಾಧನದ ಚರಿತ್ರೆ ಮಾತ್ರ ಬಾಗುವಿಕೆಯಿಂದಲೇ ಶುರುವಾಗುತ್ತದೆ. 1977ರಲ್ಲಿ ಷಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೇನಿಯಲ್ ಸ್ಯಾಂಡಿನ್ ಮತ್ತು ಥಾಮಸ್ ಡಿಫ್ಯಾಂಟಿ, ರಿಚ್ ಸೇಯರ್ ಅವರ ಕಲ್ಪನೆಯನ್ನು ಆಧರಿಸಿ ರೂಪಿಸಿದ ಕೈಗವಸಿನಲ್ಲಿ ಬೆರಳಿಗೊಂದು ಮೆದುವಾದ ಕೊಳವೆ ಇತ್ತು. ಅದರ ಒಂದು ತುದಿಯಲ್ಲಿ ಬೆಳಕಿನ ಮೂಲ, ಇನ್ನೊಂದು ತುದಿಯಲ್ಲಿ ಬೆಳಕನ್ನು ಅರಿಯುವ ಕೋಶ. ಬೆರಳು ಮಡಚಿದಷ್ಟೂ ಕೋಶವನ್ನು ತಲುಪುವ ಬೆಳಕು ಕುಗ್ಗುತ್ತಿತ್ತು. ಮುಂದೆ ಥಾಮಸ್ ಝಿಮ್ಮರ್‌ಮನ್ ಮತ್ತು ಜೇರನ್ ಲೇನಿಯರ್ ಅವರ ವಿಪಿಎಲ್ ಸಂಸ್ಥೆಯ ಡೇಟಾಗ್ಲವ್ ಬಂತು. 1989ರಲ್ಲಿ ನಿಂಟೆಂಡೊ ಆಟದ ಯಂತ್ರಕ್ಕೆಂದು ಬಂದ ಪವರ್ ಗ್ಲವ್, ವಾಹಕ ಶಾಯಿ ಬಳಿದ ಅಗ್ಗದ ಪಟ್ಟಿಗಳನ್ನು ಬಳಸಿತು. ಇಂದು ನಮ್ಮ ಕೈಗೆ ಸಿಗುವ, ಬಾಗಿದಂತೆ ವಿದ್ಯುತ್ ರೋಧ ಬದಲಾಗುವ ಫ್ಲೆಕ್ಸ್ ಸೆನ್ಸರ್ ಪಟ್ಟಿಗಳ ತತ್ವವೂ ಅದೇ.

ನಾನು ಪಾಠ ಹೇಳುವವನು. ಬಲಗೈಯಲ್ಲಿ ಸೀಮೆಸುಣ್ಣ ಹಿಡಿದು ಹಲಗೆಯ ಮೇಲೆ ಬರೆಯುತ್ತ, ಪಕ್ಕದ ಪರದೆಯ ಮೇಲಿನ ಸ್ಲೈಡುಗಳನ್ನು ಎಡಗೈಯಿಂದ ಸರಿಸಬೇಕೆಂಬುದು ನನ್ನ ಅಗತ್ಯವಾಗಿತ್ತು. ಮೊದಲು ತಯಾರಿಸಿದ ಗವಸಿನಲ್ಲಿ ಐದು ಫ್ಲೆಕ್ಸ್ ಸೆನ್ಸರ್ ಮತ್ತು ಹನ್ನೆರಡು ಭಂಗಿಗಳಿದ್ದವು. ತರಗತಿಯಲ್ಲಿ ಹಲಗೆ ಒರೆಸಲು ಎಡಗೈಯಿಂದ ಡಸ್ಟರ್ ಎತ್ತಿಕೊಂಡಾಗ ಬೆರಳುಗಳು ಮಡಚಿದವು. ಗವಸು ಅದನ್ನು ಆದೇಶವೆಂದು ತಿಳಿದು, ವಿದ್ಯಾರ್ಥಿಗಳು ಇನ್ನೂ ಬಿಡಿಸುತ್ತಿದ್ದ ಲೆಕ್ಕದ ಉತ್ತರವನ್ನು ಪರದೆಯ ಮೇಲೆ ತಂದು ನಿಲ್ಲಿಸಿತು. ತಾವೇ ಕಂಡುಕೊಳ್ಳಬೇಕಾಗಿದ್ದ ಉತ್ತರ ಅವರ ಕೈತಪ್ಪಿತು ಎಂಬ ಸಂಕಟ ನನಗೆ ಇಂದಿಗೂ ಇದೆ. ಕೈ ಎಂದೂ ಸುಮ್ಮನಿರುವುದಿಲ್ಲ. ಆದ್ದರಿಂದ ಗವಸು ಯಾವಾಗ ಕೈಯ ಮಾತನ್ನು ಕೇಳಬಾರದು ಎಂಬುದನ್ನು ನಿರ್ಧರಿಸದೆ ಒಂದು ತಂತಿಯನ್ನೂ ಬೆಸೆಯಬೇಡಿ.

ಮೊದಲ ಹಂತ: ಆದೇಶಗಳ ಪಟ್ಟಿ

ಒಂದು ಹಾಳೆ ತೆಗೆದುಕೊಂಡು, ನಿಮಗೆ ನಿಜವಾಗಿ ಬೇಕಾದ ಆದೇಶಗಳನ್ನು ಬರೆಯಿರಿ. ಪಾಠಕ್ಕೆ ಮುಂದಿನ ಸ್ಲೈಡ್, ಹಿಂದಿನ ಸ್ಲೈಡ್, ವಿಡಿಯೊ ನಿಲ್ಲಿಸು–ನಡೆಸು, ಈ ಮೂರು ಸಾಕು. ನಾಲ್ಕನೆಯ ಸ್ಪರ್ಶವನ್ನು, ಎಂದರೆ ಹೆಬ್ಬೆರಳು ಕಿರುಬೆರಳನ್ನು ಸೇರುವುದನ್ನು, ಗವಸನ್ನು ಎಚ್ಚರಿಸಲು ಮತ್ತು ಮಲಗಿಸಲು ಮೀಸಲಿಡಿ. ಸುಮಾರು 600 ಮಿಲಿಸೆಕೆಂಡ್ ಒತ್ತಿ ಹಿಡಿದರೆ ಮಾತ್ರ ಅದು ಕೆಲಸ ಮಾಡಬೇಕು. ಮಲಗಿರುವ ಗವಸು ಯಾವ ಆದೇಶವನ್ನೂ ಕಳುಹಿಸಬಾರದು. ಕಿರುಬೆರಳನ್ನೇ ಆರಿಸಿದ್ದಕ್ಕೆ ಕಾರಣವಿದೆ: ವಸ್ತುಗಳನ್ನು ಹಿಡಿಯುವಾಗ, ಮಾತಿನ ಭರದಲ್ಲಿ ಕೈಯಾಡಿಸುವಾಗ ಹೆಬ್ಬೆರಳಿನ ತುದಿ ಕಿರುಬೆರಳಿನ ತುದಿಯನ್ನು ಮುಟ್ಟುವುದು ಬಹಳ ಅಪರೂಪ.

ಎರಡನೆಯ ಹಂತ: ಗವಸು ಮತ್ತು ಸಾಮಗ್ರಿ

ಬರೆಯದ ಕೈಗೆ ಸರಿಹೊಂದುವ, ತೆಳುವಾದ, ಹಿಗ್ಗುವ ಹತ್ತಿಯ ಗವಸು ಸಾಕು. ಉಣ್ಣೆಯದು ಬೇಡ; ದಪ್ಪ ಬಟ್ಟೆಯೊಳಗೆ ಬೆರಳಿಗೆ ತಾಣದ ಅರಿವೇ ಉಳಿಯುವುದಿಲ್ಲ. ಇದರ ಜೊತೆಗೆ ಸ್ಟೇನ್‌ಲೆಸ್ ಸ್ಟೀಲಿನ ವಾಹಕ ದಾರ, ಬಹುಎಳೆಯ ತೆಳು ವೈರು, ಕೆಲವು ರೋಧಕಗಳು (ರೆಸಿಸ್ಟರ್) ಮತ್ತು ಇಎಸ್‌ಪಿ32 ಎಂಬ, ಪ್ರೋಗ್ರಾಮ್ ಬರೆದು ನಡೆಸಬಹುದಾದ ಪುಟ್ಟ ಎಲೆಕ್ಟ್ರಾನಿಕ್ ಮಂಡಳಿ (ಬೋರ್ಡ್) ಬೇಕು. ಬೆಂಗಳೂರಿನವರಿಗೆ ಇವುಗಳಲ್ಲಿ ಹೆಚ್ಚಿನವು ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲಿ ದೊರೆಯುತ್ತವೆ. ಉಳಿದವರು ಅಂತರ್ಜಾಲದ ಮೂಲಕ ತರಿಸಿಕೊಳ್ಳಬಹುದು.

ಇಎಸ್‌ಪಿ32 ಅನ್ನು ಆರಿಸಲು ಮುಖ್ಯ ಕಾರಣ ಅದರೊಳಗೇ ಬ್ಲೂಟೂತ್ ಇರುವುದು. ಅದನ್ನು ಬ್ಲೂಟೂತ್ ಕೀಲಿಮಣೆಯಂತೆ ವರ್ತಿಸುವಂತೆ ಮಾಡುವ ಮುಕ್ತ ಸಂಕೇತಗ್ರಂಥಾಲಯಗಳು (ಸಿದ್ಧ ಪ್ರೋಗ್ರಾಮ್ ತುಣುಕುಗಳು), ಇಂಥ ಮಂಡಳಿಗಳಿಗೆ ಪ್ರೋಗ್ರಾಮ್ ಬರೆಯುವ ಆರ್ಡುಯಿನೊ ಪರಿಸರದಲ್ಲಿ ಸಿಗುತ್ತವೆ. ಕಂಪ್ಯೂಟರಿಗೆ ಅದು ಮಾಮೂಲಿ ಕೀಲಿಮಣೆಯಾಗಿಯೇ ಕಾಣುವುದರಿಂದ ಬೇರೆ ತಂತ್ರಾಂಶ ಹಾಕಬೇಕಾಗಿಲ್ಲ. ವೈರು ಇದ್ದರೂ ಪರವಾಗಿಲ್ಲ ಎನ್ನುವವರು ಆರ್ಡುಯಿನೊ ಲಿಯೊನಾರ್ಡೊ ಬಳಸಬಹುದು, ಅದರ ಚಿಪ್ ನೇರವಾಗಿ ಯುಎಸ್‌ಬಿ ಕೀಲಿಮಣೆಯಾಗಬಲ್ಲದು. ಎಲ್ಲೆಡೆ ಸಿಗುವ ಆರ್ಡುಯಿನೊ ಊನೊ ಆರ್3 ಮಾದರಿಗೆ ಈ ಸಾಮರ್ಥ್ಯ ನೇರವಾಗಿ ಇಲ್ಲವೆಂಬುದನ್ನು ಕೊಳ್ಳುವ ಮೊದಲೇ ತಿಳಿದಿರಿ.

ಮೂರನೆಯ ಹಂತ: ಸ್ಪರ್ಶತಾಣಗಳ ಹೊಲಿಗೆ

ಗವಸನ್ನು ತೊಟ್ಟುಕೊಂಡು ಹೆಬ್ಬೆರಳನ್ನು ಒಂದೊಂದೇ ಬೆರಳಿಗೆ ಸಹಜವಾಗಿ ತಾಗಿಸಿ, ತಾಗಿದ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ. ಗುರುತು ನೀವು ಅಂದುಕೊಂಡಂತೆ ಬೆರಳತುದಿಯ ನಟ್ಟನಡುವೆ ಇರದೆ ಹೆಬ್ಬೆರಳಿನ ಕಡೆಗೆ ತುಸು ವಾಲಿರುತ್ತದೆ. ಆ ಗುರುತಿನ ಮೇಲೆ ಒಂದು ಸೆಂಟಿಮೀಟರ್ ಅಗಲದ ತಾಣವನ್ನು ವಾಹಕ ದಾರದಿಂದ ಒತ್ತೊತ್ತಾಗಿ, ಕಸೂತಿಯಲ್ಲಿ ಎಲೆ ತುಂಬುವಂತೆ ತುಂಬಿ ಹೊಲಿಯಿರಿ. ಬೆರಳಿನೊಳಗೆ ಒಂದು ಪೆನ್ನು ತೂರಿಸಿಕೊಂಡರೆ ಸೂಜಿ ಆಚೆ ಬದಿಯ ಬಟ್ಟೆಯನ್ನು ಸೇರಿಸಿ ಹೊಲಿಯದು.

ತಾಣದಿಂದ ಹೊರಟ ದಾರವನ್ನು ಬೆರಳಿನ ಬದಿಯಲ್ಲಿ ಸಣ್ಣ ಕಾಲುಹೊಲಿಗೆಯಿಂದ ಮುಂಗೈಯ ಹಿಂಬದಿಗೆ ತನ್ನಿ. ಎರಡು ದಾರಗಳು ಎಲ್ಲಿಯೂ ಒಂದನ್ನೊಂದು ದಾಟಬಾರದು. ಸ್ಟೀಲಿನ ದಾರಕ್ಕೆ ಬೆಸುಗೆ ಅಂಟುವುದಿಲ್ಲ; ಆದುದರಿಂದ ವೈರಿನ ತುದಿಯನ್ನು ಸಣ್ಣ ಉಂಗುರದಂತೆ ಬಾಗಿಸಿ, ಅದಕ್ಕೆ ಬೆಸುಗೆ ಹಾಕಿ ಗಟ್ಟಿ ಮಾಡಿ, ದಾರವನ್ನು ಆ ಉಂಗುರದ ಸುತ್ತ ಏಳೆಂಟು ಬಾರಿ ಬಿಗಿಯಾಗಿ ಸುತ್ತಿ ಗಂಟು ಹಾಕಿ. ಈ ಜೋಡಣೆ ಗೆಣ್ಣಿನ ಮೇಲೆ ಬೀಳದಿರಲಿ. ಬೆರಳು ಮಡಚುವ ಜಾಗದಲ್ಲಿ ಬೆಸುಗೆಯಿದ್ದರೆ ವೈರು ಬೆಸುಗೆಯ ಅಂಚಿನಲ್ಲೇ ತುಂಡಾಗುತ್ತದೆ. ಹೊರಗೆ ಏನೂ ಕಾಣದೆ ಪ್ಲಾಸ್ಟಿಕ್ ಹೊದಿಕೆಯೊಳಗೆ ಎಳೆಗಳು ಮಾತ್ರ ಕಡಿದಿರುವುದರಿಂದ ಈ ದೋಷವನ್ನು ಹುಡುಕುವುದರಲ್ಲಿ ಒಂದು ಸಂಜೆಯೇ ಕಳೆದುಹೋಗುತ್ತದೆ.

ನಾಲ್ಕನೆಯ ಹಂತ: ಜೋಡಣೆ ಮತ್ತು ಬೆವರಿನ ಸಮಸ್ಯೆ

ಹೆಬ್ಬೆರಳಿನ ತಾಣವನ್ನು ಮಂಡಳಿಯ ಗ್ರೌಂಡಿಗೆ, ಎಂದರೆ ಸೊನ್ನೆ ವೋಲ್ಟಿನ ಪಿನ್ನಿಗೆ, ಜೋಡಿಸಿ. ಉಳಿದ ನಾಲ್ಕು ತಾಣಗಳನ್ನು 25, 26, 27 ಮತ್ತು 33ನೆಯ ಪಿನ್ನುಗಳಿಗೆ ಕೊಡಿ. ಪ್ರತಿ ಪಿನ್ನನ್ನೂ ಒಂದು ರೋಧಕದ ಮೂಲಕ 3.3 ವೋಲ್ಟಿಗೆ ಎತ್ತಿಹಿಡಿಯಬೇಕು. ಹೆಬ್ಬೆರಳು ತಾಗಿದಾಗ ಪಿನ್ನು ಸೊನ್ನೆಗೆ ಇಳಿಯುತ್ತದೆ, ಅದೇ ನಮ್ಮ ಸ್ಪರ್ಶ. ಈ ವಿನ್ಯಾಸದ ಒಂದು ಸೊಗಸೆಂದರೆ ತೋರುಬೆರಳೂ ನಡುಬೆರಳೂ ತಮ್ಮತಮ್ಮಲ್ಲೇ ಎಷ್ಟು ಉಜ್ಜಿಕೊಂಡರೂ ಏನೂ ಆಗುವುದಿಲ್ಲ, ಏಕೆಂದರೆ ಅವೆರಡರಲ್ಲಿ ಯಾವುದೂ ಗ್ರೌಂಡ್ ಅಲ್ಲ.

ಚಿಪ್ಪಿನೊಳಗೇ ಸುಮಾರು 45 ಕಿಲೋಓಮಿನ ಎತ್ತಿಹಿಡಿಯುವ ರೋಧಕಗಳಿವೆ, ಅವನ್ನು ಬಳಸಿದರೆ ಸಾಲದೇ ಎಂದು ಕೆಲವರು ಕೇಳಬಹುದು. ಒಣಗಿದ ಗವಸಿಗೆ ಸಾಕು. ಆದರೆ ಬೇಸಿಗೆಯಲ್ಲಿ, ಅದರಲ್ಲೂ ಕರಾವಳಿಯ ಸೆಕೆಯಲ್ಲಿ, ಬೆವರಿನಿಂದ ಒದ್ದೆಯಾದ ಬಟ್ಟೆಯೇ ಅರೆಬರೆ ವಾಹಕವಾಗುತ್ತದೆ. ಇಎಸ್‌ಪಿ32 ತನ್ನ ವೋಲ್ಟೇಜಿನ ಕಾಲುಭಾಗಕ್ಕಿಂತ ಕೆಳಗಿನದನ್ನು ಸೊನ್ನೆಯೆಂದು ಓದುವುದರಿಂದ, 45 ಕಿಲೋಓಮಿನ ಜೊತೆ 15 ಕಿಲೋಓಮಿನಷ್ಟು ಸೋರಿಕೆಯಿದ್ದರೂ ಸುಳ್ಳು ಸ್ಪರ್ಶ ದಾಖಲಾಗಬಹುದು. ಹೊರಗಿನಿಂದ 4.7 ಕಿಲೋಓಮಿನ ರೋಧಕ ಹಾಕಿದರೆ ಸೋರಿಕೆ 1.6 ಕಿಲೋಓಮಿಗಿಂತ ಕೆಳಗೆ ಬಂದಾಗ ಮಾತ್ರ ಪಿನ್ನು ಮೋಸಹೋಗುತ್ತದೆ. ಸ್ಟೀಲಿನ ದಾರದ ರೋಧ ಗವಸಿನಷ್ಟು ಉದ್ದಕ್ಕೆ ಇದಕ್ಕಿಂತ ಬಹಳ ಕಡಿಮೆಯಾದ್ದರಿಂದ ನಿಜವಾದ ಸ್ಪರ್ಶಕ್ಕೆ ಯಾವ ಅಡ್ಡಿಯೂ ಇಲ್ಲ. ಕೆಲವೇ ರೂಪಾಯಿಯ ನಾಲ್ಕು ರೋಧಕಗಳು ಗವಸಿನ ನಂಬಿಕೆಯನ್ನೇ ಬದಲಿಸುತ್ತವೆ. ಇನ್ನೊಂದು ಎಚ್ಚರಿಕೆ: 34ರಿಂದ 39ರವರೆಗಿನ ಪಿನ್ನುಗಳಲ್ಲಿ ಒಳರೋಧಕಗಳೇ ಇಲ್ಲ, 0, 2, 5, 12 ಮತ್ತು 15ನೆಯವು ಮಂಡಳಿ ಚಾಲೂ ಆಗುವ ರೀತಿಯನ್ನು ನಿರ್ಧರಿಸುವಂಥವು, ಅವುಗಳಿಂದ ದೂರವಿರಿ.

ಐದನೆಯ ಹಂತ: ತಂತ್ರಾಂಶದ ವಿವೇಕ

ಬರೆಯಬೇಕಾದ ಪ್ರೋಗ್ರಾಮ್ ಚಿಕ್ಕದು, ಆದರೆ ಅದರಲ್ಲಿ ನಾಲ್ಕು ನಿಯಮಗಳು ಇರಲೇಬೇಕು. ಸ್ಪರ್ಶವು ಸತತವಾಗಿ 30 ಮಿಲಿಸೆಕೆಂಡ್ ಉಳಿದರೆ ಮಾತ್ರ ಅದನ್ನು ಸ್ಪರ್ಶವೆಂದು ಒಪ್ಪಬೇಕು, ಏಕೆಂದರೆ ದಾರಕ್ಕೆ ದಾರ ತಾಗುವಾಗ ಸಂಪರ್ಕ ಹಲವು ಸಲ ಕೂಡಿ ಬಿಡುತ್ತದೆ. ಒಮ್ಮೆ ಆದೇಶ ಕಳುಹಿಸಿದ ಮೇಲೆ ಬೆರಳು ಬಿಡುವ ತನಕ ಅದೇ ಆದೇಶ ಮತ್ತೆ ಹೋಗಬಾರದು. ಎಚ್ಚರ–ನಿದ್ರೆಯ ಸ್ಥಿತಿಯನ್ನು ಸಣ್ಣದೊಂದು ದೀಪ ಸದಾ ತೋರಿಸುತ್ತಿರಬೇಕು. ನೋಡದೆಯೂ ತಿಳಿಯಬೇಕೆಂದರೆ ಫೋನಿನಲ್ಲಿರುವಂಥ ಕಂಪನದ ಮೋಟಾರನ್ನು ಸೇರಿಸಬಹುದು, ಆದರೆ ಅದನ್ನು ಪಿನ್ನಿಗೆ ನೇರವಾಗಿ ಕೊಡದೆ ಟ್ರಾನ್ಸಿಸ್ಟರ್ ಮತ್ತು ಡಯೋಡಿನ ಮೂಲಕ ನಡೆಸಬೇಕು.

ನಾಲ್ಕನೆಯ ನಿಯಮ ನನಗೆ ಅನುಭವದಿಂದ ಸಿಕ್ಕಿದ್ದು. ಗವಸು ತೊಟ್ಟ ಕೈಯಿಂದ ಸ್ಟೀಲಿನ ನೀರಿನ ಬಾಟಲಿ ಹಿಡಿದರೆ ಹೆಬ್ಬೆರಳಿನ ತಾಣ ಲೋಹದ ಮೂಲಕ ಎಲ್ಲ ಬೆರಳುಗಳಿಗೂ ಒಮ್ಮೆಲೇ ಜೋಡಣೆಯಾಗುತ್ತದೆ. ಆದ್ದರಿಂದ ಎರಡು ಅಥವಾ ಹೆಚ್ಚು ಬೆರಳುಗಳು ಒಟ್ಟಿಗೆ ತಾಗಿದಂತೆ ಕಂಡರೆ, ಎಲ್ಲವೂ ಬಿಡುಗಡೆಯಾಗುವವರೆಗೆ ಯಾವ ಆದೇಶವನ್ನೂ ಪರಿಗಣಿಸದಿರಲಿ. ಮೆಟ್ಟಿಲಿನ ಕಂಬಿ, ಬೀಗದ ಕೈ, ಬಾಗಿಲ ಚಿಲಕ, ಇವೆಲ್ಲವೂ ಈ ಒಂದೇ ನಿಯಮದಿಂದ ನಿರುಪದ್ರವಿಗಳಾಗುತ್ತವೆ.

ಕಳುಹಿಸುವ ಕೀಲಿಗಳನ್ನು ಆರಿಸುವಾಗ ಕನ್ನಡಿಗರು ಒಂದು ವಿಷಯ ನೆನಪಿಡಬೇಕು. ಕೀಲಿಮಣೆ ಅಕ್ಷರಗಳನ್ನು ಕಳುಹಿಸುವುದಿಲ್ಲ, ಯಾವ ಸ್ಥಾನದ ಕೀಲಿ ಒತ್ತಲಾಯಿತು ಎಂಬ ಸಂಖ್ಯೆಯನ್ನಷ್ಟೇ ಕಳುಹಿಸುತ್ತದೆ. ಅದು ಯಾವ ಅಕ್ಷರವಾಗಬೇಕೆಂಬುದನ್ನು ಕಂಪ್ಯೂಟರಿನಲ್ಲಿ ಆಗ ಚಾಲ್ತಿಯಲ್ಲಿರುವ ವಿನ್ಯಾಸ ತೀರ್ಮಾನಿಸುತ್ತದೆ. ಕನ್ನಡ ಇನ್‌ಸ್ಕ್ರಿಪ್ಟ್ ಚಾಲ್ತಿಯಲ್ಲಿದ್ದರೆ ಇಂಗ್ಲಿಷಿನ ‘ಡಿ’ ಕೀಲಿಯಿಂದ ಬರುವುದು ಅರ್ಧಾಕ್ಷರದ ಚಿಹ್ನೆ. ‘ನುಡಿ’ ತಂತ್ರಾಂಶದ ವಿನ್ಯಾಸದಲ್ಲಿ ಆ ಕೆಲಸ ‘ಎಫ್’ ಕೀಲಿಯದು. ಹೀಗಾಗಿ ಅಕ್ಷರದ ಕೀಲಿಗಳನ್ನು ಶಾರ್ಟ್‌ಕಟ್‌ಗಳಾಗಿ ಬಳಸಿದ ಗವಸು, ಕನ್ನಡ ಟೈಪಿಸುತ್ತಿರುವ ಯಂತ್ರದಲ್ಲಿ ಅನಿರೀಕ್ಷಿತವಾಗಿ ವರ್ತಿಸಬಹುದು. ಬಾಣದ ಕೀಲಿಗಳು, ಪೇಜ್ ಅಪ್, ಪೇಜ್ ಡೌನ್, ವಿಡಿಯೊಗೆ ಮಾಧ್ಯಮದ ಪ್ಲೇ–ಪಾಸ್ ಕೀಲಿ, ಇವು ಯಾವ ವಿನ್ಯಾಸದಲ್ಲೂ ಅರ್ಥ ಬದಲಿಸುವುದಿಲ್ಲ.

ಆರನೆಯ ಹಂತ: ಸುಮ್ಮನೆ ತೊಟ್ಟುಕೊಂಡಿರುವುದು

ಈ ಹಂತವನ್ನು ದಯವಿಟ್ಟು ಬಿಡಬೇಡಿ. ಗವಸನ್ನು ಎಚ್ಚರದ ಸ್ಥಿತಿಯಲ್ಲಿಟ್ಟು, ಆದೇಶಗಳನ್ನು ಕಳುಹಿಸುವ ಬದಲು ಪರದೆಯ ಮೇಲೆ ಸಮಯದೊಂದಿಗೆ ಬರೆಯುವಂತೆ ಮಾತ್ರ ಮಾಡಿ, ಅರ್ಧ ಗಂಟೆ ನಿಮ್ಮ ಎಂದಿನ ಕೆಲಸದಲ್ಲಿ ತೊಡಗಿ: ಚಹಾ ಕುಡಿಯಿರಿ, ಪುಸ್ತಕದ ಪುಟ ತಿರುಗಿಸಿ, ಯಾರೊಡನೆಯಾದರೂ ಕೈಯಾಡಿಸುತ್ತ ಮಾತನಾಡಿ. ನೀವು ಉದ್ದೇಶಿಸದ ಆದೇಶ ಒಂದೇ ಒಂದು ದಾಖಲಾಗಿದ್ದರೂ ಅದು ಬಂದ ಗಳಿಗೆಯಲ್ಲಿ ಕೈ ಏನು ಮಾಡುತ್ತಿತ್ತೆಂದು ಪತ್ತೆಹಚ್ಚಿ, ತಾಣವನ್ನೋ ಸಮಯದ ಮಿತಿಯನ್ನೋ ತಿದ್ದಿ. ನನ್ನ ವಿಷಯದಲ್ಲಿ ಪುಟ ತಿರುಗಿಸುವಾಗ ತೋರುಬೆರಳಿನ ತಾಣ ತಾಗುತ್ತಿತ್ತು. ತಾಣವನ್ನು ಬೆರಳತುದಿಯಿಂದ ಅರ್ಧ ಸೆಂಟಿಮೀಟರ್ ಕೆಳಗಿಳಿಸಿದ ಮೇಲೆ ನಿಂತಿತು.

ಏಳನೆಯ ಹಂತ: ಬಾಗುವಿಕೆಯನ್ನು ಸೇರಿಸುವುದು

ಸ್ಪರ್ಶಗಳು ಒಂದು ವಾರ ತಪ್ಪಿಲ್ಲದೆ ನಡೆದ ಮೇಲೆ, ಧ್ವನಿಯ ಏರಿಳಿತದಂಥ ಹೆಚ್ಚುಕಡಿಮೆಯಾಗುವ ಆದೇಶಕ್ಕೆ ಒಂದು ಫ್ಲೆಕ್ಸ್ ಸೆನ್ಸರ್ ಸೇರಿಸಬಹುದು. ಸುಮಾರು ಐದೂವರೆ ಸೆಂಟಿಮೀಟರಿನ ಸಾಮಾನ್ಯ ಪಟ್ಟಿಯ ರೋಧ ನೇರವಿದ್ದಾಗ 25 ಕಿಲೋಓಮಿನ ಆಸುಪಾಸು. ಶಾಯಿಯ ಬದಿ ಹೊರಗಿರುವಂತೆ ಬಾಗಿಸಿದರೆ ಅದು ಇಮ್ಮಡಿಯನ್ನೂ ಮೀರುತ್ತದೆ. ಪಟ್ಟಿಯಿಂದ ಪಟ್ಟಿಗೆ ವ್ಯತ್ಯಾಸ ದೊಡ್ಡದಿರುವುದರಿಂದ ಮೊದಲು ಮಲ್ಟಿಮೀಟರಿನಲ್ಲಿ ನೇರವಿದ್ದಾಗಿನ ಮತ್ತು ಪೂರ್ತಿ ಬಾಗಿದಾಗಿನ ಬೆಲೆಗಳನ್ನು ಅಳೆಯಿರಿ. ಅವೆರಡರ ಗುಣಲಬ್ಧದ ವರ್ಗಮೂಲವೇ ಜೊತೆಗಿಡಬೇಕಾದ ರೋಧಕದ ಸರಿಯಾದ ಬೆಲೆ. 25 ಮತ್ತು 60 ಎಂದಾದರೆ ಸುಮಾರು 39 ಕಿಲೋಓಮ್. ಪಟ್ಟಿಯನ್ನು 3.3 ವೋಲ್ಟಿನ ಕಡೆಗೂ ರೋಧಕವನ್ನು ಗ್ರೌಂಡಿನ ಕಡೆಗೂ ಇಟ್ಟು ನಡುವಿನಿಂದ ಓದಿದರೆ, ನೇರ ಬೆರಳಿಗೆ 2.0 ವೋಲ್ಟ್, ಮಡಚಿದ ಬೆರಳಿಗೆ 1.3 ವೋಲ್ಟ್ ಬರುತ್ತದೆ; ಮಂಡಳಿ ವೋಲ್ಟೇಜನ್ನು ಓದಿ ಕೊಡುವ 0ಯಿಂದ 4095ರವರೆಗಿನ ಅಳತೆಯಲ್ಲಿ ಸುಮಾರು 2500 ಮತ್ತು 1600. ಇಎಸ್‌ಪಿ32ರ ಅಳತೆ ಎರಡೂ ಕೊನೆಗಳಲ್ಲಿ ವಕ್ರವಾಗಿರುವುದರಿಂದ ಹೀಗೆ ನಡುವೆ ಉಳಿಯುವುದು ಒಳ್ಳೆಯದು. ಇಲ್ಲಿ ಒಳರೋಧಕ ಬೇಕಾಗಿಲ್ಲವಾದ್ದರಿಂದ, ಸ್ಪರ್ಶಕ್ಕೆ ಬೇಡವೆಂದ 34 ಅಥವಾ 35ನೆಯ ಪಿನ್ನನ್ನು ಇದಕ್ಕೆ ಬಳಸಿ.

ಪಟ್ಟಿಯನ್ನು ಗವಸಿಗೆ ಉದ್ದಕ್ಕೂ ಹೊಲಿದುಬಿಡಬಾರದು. ಬೆರಳು ಮಡಚಿದಾಗ ಅದರ ಬೆನ್ನಿನ ಉದ್ದ ಹೆಚ್ಚುತ್ತದೆ. ಬಟ್ಟೆ ಹಿಗ್ಗುತ್ತದೆ, ಪಟ್ಟಿ ಹಿಗ್ಗುವುದಿಲ್ಲ. ಲಂಗಕ್ಕೆ ಲಾಡಿ ಪೋಣಿಸಲು ಬಿಡುವ ಮಡಿಕೆಯಂಥದೇ ಒಂದು ಸಣ್ಣ ದಾರಿಯನ್ನು ಬೆರಳಿನ ಬೆನ್ನ ಮೇಲೆ ಹೊಲಿದು, ಪಟ್ಟಿಯ ಬುಡವನ್ನು ಮುಂಗೈಯಲ್ಲಿ ಬಿಗಿಮಾಡಿ, ತುದಿ ಒಳಗೆ ಸಲೀಸಾಗಿ ಜಾರುವಂತೆ ಬಿಡಿ. ಪಿನ್ನುಗಳಿರುವ ಬುಡದ ಭಾಗ ತೀರ ನಾಜೂಕಾದ್ದರಿಂದ ಅದಕ್ಕೊಂದು ಗಟ್ಟಿ ಪ್ಲಾಸ್ಟಿಕ್ ತುಂಡಿನ ಆಸರೆ ಬೇಕು.

ಪ್ರತಿ ಬಾರಿ ತೊಟ್ಟಾಗಲೂ ಕೈಯನ್ನು ಒಮ್ಮೆ ಪೂರ್ತಿ ಚಾಚಿ, ಒಮ್ಮೆ ಮುಷ್ಟಿ ಹಿಡಿದು, ಆ ಎರಡು ಓದುಗಳನ್ನು 0 ಮತ್ತು 100 ಎಂದು ಪ್ರೋಗ್ರಾಮಿಗೆ ಕಲಿಸಿ. ಸೆಕೆಂಡಿಗೆ 100 ಬಾರಿ ಓದಿ, ಹಳೆಯ ಬೆಲೆಯ ಎಂಬತ್ತು ಭಾಗಕ್ಕೆ ಹೊಸ ಓದಿನ ಇಪ್ಪತ್ತು ಭಾಗ ಸೇರಿಸುತ್ತ ಹೋದರೆ ನಡುಕ ಅಡಗುತ್ತದೆ, ವಿಳಂಬ ಕೈಗೆ ತಿಳಿಯದಷ್ಟು ಕಡಿಮೆ. ಬಾಗುವಿಕೆಯನ್ನು ಸ್ವಿಚ್ಚಿನಂತೆ ಬಳಸುವುದಾದರೆ ಒಂದೇ ಗೆರೆ ಇಡಬೇಡಿ: 65 ದಾಟಿದಾಗ ಮಡಚಿತೆಂದೂ, 45ಕ್ಕಿಂತ ಕೆಳಗಿಳಿದಾಗ ಬಿಟ್ಟಿತೆಂದೂ ಎಣಿಸಿ. ಒಂದೇ ಗೆರೆಯಿದ್ದರೆ ಆ ಗೆರೆಯ ಮೇಲೆ ನಿಂತ ಬೆರಳು ಸೆಕೆಂಡಿಗೆ ಹತ್ತಾರು ಆದೇಶ ಸುರಿಸುತ್ತದೆ. ಯಾವ ಬೆರಳು ಎಂಬುದೂ ಮುಖ್ಯ. ಈಗಲೇ ನಿಮ್ಮ ಕಿರುಬೆರಳನ್ನು ಒಂದನ್ನೇ ಮಡಚಲು ಯತ್ನಿಸಿ. ಉಂಗುರಬೆರಳು ತಾನೂ ಹಿಂಬಾಲಿಸುವುದನ್ನು ಕಾಣುವಿರಿ, ಏಕೆಂದರೆ ಅವೆರಡರ ಸ್ನಾಯುರಜ್ಜುಗಳು ಒಂದಕ್ಕೊಂದು ತಳುಕು ಹಾಕಿಕೊಂಡಿವೆ. ತೋರುಬೆರಳೇ ಸ್ವತಂತ್ರ, ಮೊದಲ ಪಟ್ಟಿ ಅಲ್ಲಿಗೇ ಹೋಗಲಿ.

ಮೌಸಿನ ಬಾಣವನ್ನೂ ನಡೆಸಬೇಕೆನ್ನುವವರು ಮುಂಗೈಯ ಮೇಲೆ ಎಂಪಿಯು6050 ಚಲನ ಸಂವೇದಕ ಕೂರಿಸಿ, 21 ಮತ್ತು 22ನೆಯ ಪಿನ್ನುಗಳಿಗೆ ಜೋಡಿಸಬಹುದು. ಕೈ ಎಲ್ಲಿದೆಯೆಂದು ಲೆಕ್ಕಹಾಕಲು ಹೋಗಬೇಡಿ. ಮಣಿಕಟ್ಟು ತಿರುಗುವ ವೇಗವನ್ನೇ ಬಾಣದ ವೇಗವಾಗಿಸಿ. ಚಾಲೂ ಮಾಡಿದಾಗ ಎರಡು ಸೆಕೆಂಡ್ ಕೈಯನ್ನು ಮೇಜಿನ ಮೇಲೆ ಅಲುಗದಂತೆ ಇಟ್ಟು ಸರಾಸರಿ ತೆಗೆದು, ಆ ಬೆಲೆಯನ್ನು ಮುಂದಿನ ಎಲ್ಲ ಓದುಗಳಿಂದ ಕಳೆಯಬೇಕು. ಹೆಬ್ಬೆರಳು ತೋರುಬೆರಳನ್ನು ಒತ್ತಿರುವಾಗ ಮಾತ್ರ ಬಾಣ ಚಲಿಸಲಿ. ಹಾಗೆ ಮಾಡಿದರೆ ತೋರುಬೆರಳಿಗೆ ಮೊದಲು ಕೊಟ್ಟಿದ್ದ ಆದೇಶಕ್ಕೆ ಬೇರೆ ಬೆರಳನ್ನು ಗೊತ್ತುಮಾಡಬೇಕಾಗುತ್ತದೆ.

ಇಲ್ಲಿಗೆ ತಲುಪಿದ ಅನೇಕ ವಿದ್ಯಾರ್ಥಿಗಳಿಗೆ ಸನ್ನೆಭಾಷೆಯನ್ನು ಮಾತಾಗಿಸುವ ಗವಸಿನ ಯೋಚನೆ ಬರುತ್ತದೆ. ಆಸೆ ಒಳ್ಳೆಯದೇ. ಆದರೆ ಭಾರತೀಯ ಸನ್ನೆಭಾಷೆಯ ಬೆರಳಕ್ಷರಗಳಲ್ಲೇ ಬಹುಪಾಲು ಎರಡು ಕೈಗಳನ್ನು ಕೇಳುತ್ತವೆ. ವಾಕ್ಯದ ಅರ್ಥವೋ ಹುಬ್ಬು, ಬಾಯಿ, ಭುಜಗಳ ಚಲನೆಯಲ್ಲೂ ಹರಡಿಕೊಂಡಿರುತ್ತದೆ, ಅದನ್ನು ಯಾವ ಗವಸೂ ಕಾಣದು. ಕಿವುಡ ಸಮುದಾಯದವರು ಇಂಥ ಗವಸುಗಳ ಬಗ್ಗೆ ಮತ್ತೆ ಮತ್ತೆ ಆಕ್ಷೇಪ ಎತ್ತಿದ್ದಾರೆ. ಅವರನ್ನು ಕೇಳದೆ, ಅವರ ಜೊತೆ ಕೂರದೆ ಆ ಕೆಲಸಕ್ಕೆ ಕೈಹಾಕಬೇಡಿ.

ಕೊನೆಯ ಹಂತ: ವಿದ್ಯುತ್ತು ಮತ್ತು ಆರೈಕೆ

ಮೊದಲ ದಿನಗಳಲ್ಲಿ ಜೇಬಿನ ಪವರ್‌ಬ್ಯಾಂಕಿನಿಂದ ವೈರು ಎಳೆದುಕೊಳ್ಳುವುದೇ ಸುರಕ್ಷಿತ. ಲಿಥಿಯಮ್ ಬ್ಯಾಟರಿಗೆ ಹೋಗುವುದಾದರೆ ಎರಡು ಎಚ್ಚರಿಕೆಗಳು. ಅಗ್ಗದ ಇಎಸ್‌ಪಿ32 ಮಂಡಳಿಗಳಲ್ಲಿರುವ 1117 ಮಾದರಿಯ ನಿಯಂತ್ರಕ ತಾನೇ ಒಂದು ವೋಲ್ಟಿನಷ್ಟು ತಿನ್ನುವುದರಿಂದ, 3.7 ವೋಲ್ಟಿನ ಬ್ಯಾಟರಿಯಿಂದ 3.3 ವೋಲ್ಟ್ ಸಿಗುವುದೇ ಇಲ್ಲ; ಬ್ಯಾಟರಿಗೆಂದೇ ಕೊಂಡಿಯಿರುವ ಮಂಡಳಿಯನ್ನು ಕೊಳ್ಳಿ. ಹಾಗೆಯೇ ಟಿಪಿ4056 ಚಾರ್ಜಿಂಗ್ ತುಣುಕು ಸಾಮಾನ್ಯವಾಗಿ 1 ಆಂಪಿಯರಿಗೆ ಸಿದ್ಧವಾಗಿ ಬರುತ್ತದೆ, 500 ಮಿಲಿಆಂಪಿಯರ್‌ಗಂಟೆಯ ಪುಟ್ಟ ಬ್ಯಾಟರಿಗೆ ಅದು ಅಪಾಯಕಾರಿ. ಅದರ ಮೇಲಿನ 1.2 ಕಿಲೋಓಮಿನ ರೋಧಕವನ್ನು ತೆಗೆದು 5 ಕಿಲೋಓಮಿನದನ್ನು ಹಾಕಿದರೆ ಪ್ರವಾಹ 250 ಮಿಲಿಆಂಪಿಯರಿಗೆ ಇಳಿಯುತ್ತದೆ. ಗವಸು ಕೈಯಲ್ಲಿರುವಾಗ ಎಂದೂ ಚಾರ್ಜ್ ಮಾಡಬೇಡಿ. ಬ್ಯಾಟರಿಯನ್ನು ಅಂಗೈಯಲ್ಲಾಗಲಿ ಬೆರಳ ಬಳಿಯಾಗಲಿ ಇಡದೆ, ಮಣಿಕಟ್ಟಿನ ಪಟ್ಟಿಗೆ ಹೊಲಿದ ಸಣ್ಣ ಚೀಲದಲ್ಲಿಡಿ.

ಮಂಡಳಿ, ಬ್ಯಾಟರಿ, ಪಟ್ಟಿಗಳನ್ನೆಲ್ಲ ಬಿಚ್ಚಿ ತೆಗೆಯುವಂತೆ ಮೊದಲೇ ಗುಂಡಿ ಅಥವಾ ವೆಲ್ಕ್ರೊ ಇಟ್ಟಿದ್ದರೆ ಗವಸನ್ನು ತಣ್ಣೀರಿನಲ್ಲಿ ಕೈಯಿಂದ ಒಗೆಯಬಹುದು. ಹಿಂಡದೆ, ಟವೆಲ್ಲಿನಲ್ಲಿ ಒತ್ತಿ, ನೆರಳಿನಲ್ಲಿ ಒಣಗಿಸಿ. ಎಲ್ಲಕ್ಕಿಂತ ಮೊದಲು ಸವೆಯುವುದು ಹೆಬ್ಬೆರಳಿನ ತಾಣ, ಏಕೆಂದರೆ ಪ್ರತಿಯೊಂದು ಆದೇಶದಲ್ಲೂ ಅದರ ಪಾಲಿದೆ. ಹೊಲಿಯುವಾಗಲೇ ಒಂದು ಮೊಳ ವಾಹಕ ದಾರವನ್ನೂ ಒಂದು ಸೂಜಿಯನ್ನೂ ಬೇರೆಯಾಗಿ ಸುತ್ತಿ, ಗವಸಿನ ಡಬ್ಬಿಯಲ್ಲಿ ಇಟ್ಟುಕೊಳ್ಳಿ.